ಹಸು ತಿಂದ ಹಿಂಡಿ

ನನ್ನ ಬಾಯಿ ಜೋರು ಎಂದು ಬಾಳ್ಳುಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕೈತೋರಿಸಿದ ಕಡೆ ನಿಲ್ಲಿಸದ ಬಸ್ಸಿನ ಕಂಡಕ್ಟರನ್ನು ಆಲೂರು ಬರುವವರೆಗೂ ಬಿಡದೆ ಬೈದವಳು ನಾನು. ಮಿಲ್ಲಿನ ಮುಂದೆ ಎತ್ತನ್ನು ಬಿಸಿಲಲ್ಲಿ ಕಟ್ಟಿ ಟೀ ಕುಡಿಯಲು ಹೋದವನನ್ನು ಹುಡುಕಿಕೊಂಡು ಹೋಗಿ ಕರೆತಂದಿದ್ದೇನೆ. ಅಂಥ ಬಾಯಿ ಒಂದೇ ಒಂದು ಮಾತು ಹೇಳಬೇಕಾದ ಕಡೆ ಗಪ್‌ಚಿಪ್ಪಾಗಿ ಕೂತಿತು. ಅದಕ್ಕೆ ಬೇಕಾದ ಧೈರ್ಯ ಬರುವ ಹೊತ್ತಿಗೆ ವರ್ಷಗಳು ಕಳೆದಿದ್ದವು. ಯಾರನ್ನು ಬೈದರೂ ಈಗ ನನಗೆ ಮೊದಲು ನೆನಪಾಗುವುದು ಅದೇ.

ನಾನು ಅರಸೀಕೆರೆ ಕಡೆಯವಳು. ತೊಂಬತ್ತರ ದಶಕದ ಶುರುವಿನಲ್ಲಿ ಮದುವೆಯಾಗಿ ಇಲ್ಲಿಗೆ ಬಂದೆ. ಗಂಡನ ಮನೆಯವರದು ಬಾಳ್ಳುಪೇಟೆಯಿಂದ ಒಳಗೆ ಹೋಗುವ ರಸ್ತೆಯಲ್ಲಿ ಒಂದು ಸಣ್ಣ ಭತ್ತದ ಮಿಲ್ಲು. ಮಿಲ್ಲಿನ ಹಿಂದಿನ ಗೋಡೆಯೇ ನಮ್ಮ ಅಡುಗೆಮನೆಯ ಗೋಡೆ. ಮಿಷನ್ ಓಡುವಾಗ ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಮನೆಯಲ್ಲಿ ಇದ್ದವರು ಮೂವರೇ. ನಮ್ಮ ಯಜಮಾನರು, ನಾನು ಮತ್ತು ಅಕ್ಕ. ಅಕ್ಕ ಎಂದರೆ ಯಜಮಾನರ ತೀರಿಹೋದ ಅಣ್ಣನ ಹೆಂಡತಿ, ನನಗೆ ಓರಗಿತ್ತಿ. ನನಗಿಂತ ಹದಿನೈದು ವರ್ಷ ದೊಡ್ಡವರು, ಮಕ್ಕಳಿರಲಿಲ್ಲ. ನನ್ನ ತಾಯಿ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದರು. ಸೀರೆಯ ನೆರಿಗೆ ಸರಿಯಾಗಿ ಹಿಡಿಯುವುದರಿಂದ ಹಿಡಿದು ಒಲೆಗೆ ಹಸಿ ಸೌದೆ ಹೊತ್ತಿಸುವುದರವರೆಗೆ ನನಗೆ ಕಲಿಸಿದವರು ಅಕ್ಕ. ತಾಯಿ ಎನ್ನುವ ಮಾತು ಯಾರಾದರೂ ಆಡಿದರೆ ನನ್ನ ಕಣ್ಣಿಗೆ ಬರುವುದು ಅವರ ಮುಖ.

ಹೊಸದರಲ್ಲಿ ಒಂದು ವಿಷಯ ನನಗೆ ಅರ್ಥವಾಗುತ್ತಿರಲಿಲ್ಲ. ಅಡುಗೆಯೆಲ್ಲ ಅಕ್ಕನದೇ. ಆದರೆ ತಟ್ಟೆ ಇಡುವ ಹೊತ್ತಿಗೆ ಸೌಟನ್ನು ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಹಬ್ಬದ ದಿನವೂ ಅಷ್ಟೆ. ಹಸುವಿಗೆ ಕಲಗಚ್ಚು ಇಡುವುದಕ್ಕೂ ನನ್ನನ್ನೇ ಕರೆಯುತ್ತಿದ್ದರು. ನಾನು ಮೊದಲು ಸೋಮಾರಿತನ ಎಂದುಕೊಂಡೆ, ಆಮೇಲೆ ದೊಡ್ಡಸ್ತಿಕೆ ಎಂದುಕೊಂಡೆ. ಕೊನೆಗೆ ಒಂದು ದಿನ ಕೇಳಿಯೇಬಿಟ್ಟೆ.

"ಏನಕ್ಕ, ನಾನೇನು ಬಡಿಸೋಕೆ ಅಂತಾನೇ ಈ ಮನೆಗೆ ಬಂದವಳಾ?"

ಅವರು ಸಿಟ್ಟಾಗಲಿಲ್ಲ. "ನನ್ನ ಕೈಗುಣ ಒಳ್ಳೇದಲ್ಲ ಕಣೇ. ನೀನೇ ಬಡಿಸು," ಎಂದರು.

ಸಂಗತಿ ಏನೆಂದು ಯಜಮಾನರು ಆಮೇಲೆ ಹೇಳಿದರು. ಭಾವ ಒಂದು ಮಧ್ಯಾಹ್ನ ಮಿಲ್ಲು ನಿಲ್ಲಿಸಿ ಊಟಕ್ಕೆ ಬಂದಿದ್ದರಂತೆ. ಅಕ್ಕ ಮುದ್ದೆ ಇಟ್ಟಿದ್ದರು, ಅವರೆಕಾಳಿನ ಸಾರು ಎರಡು ಸಲ ಬಡಿಸಿದ್ದರು. ಕೈ ತೊಳೆಯಲು ಎದ್ದ ಭಾವ ಹಿತ್ತಲ ಬಾಗಿಲಲ್ಲೇ ಕುಸಿದು ಹೋದರು. ಎದೆ ನಿಂತಿತ್ತು ಎಂದು ಹಾಸನದ ಡಾಕ್ಟರು ಹೇಳಿದರು. ಆದರೆ ಮಣ್ಣಿಗೆ ಬಂದ ಹೆಂಗಸರಲ್ಲಿ ಯಾರೋ ಒಬ್ಬರು, ಇವಳ ಕೈಯಲ್ಲಿ ಉಂಡು ಎದ್ದವನೇ ಹೋದನಲ್ಲ ಎಂದರಂತೆ. ಹೇಳಿದವರು ಅದನ್ನು ಅಲ್ಲೇ ಮರೆತಿರಬೇಕು. ಅಕ್ಕ ಮಾತ್ರ ಆವತ್ತಿನಿಂದ ಯಾರ ತಟ್ಟೆಗೂ ಕೈಯಾರೆ ಒಂದು ತುತ್ತು ಹಾಕಿರಲಿಲ್ಲ. ಆ ಹೆಂಗಸು ಯಾರೆಂದು ನನಗೆ ಗೊತ್ತಾಗಿದ್ದರೆ ಅವಳ ಮನೆ ಬಾಗಿಲಿಗೆ ಹೋಗಿ ಕೇಳುತ್ತಿದ್ದೆ.

ಇಂಥ ಮನೆಗೆ ಬಾತುಗಳು ಬಂದವು. ಮಿಲ್ಲಿನಲ್ಲಿ ಇಲಿ ವಿಪರೀತ, ಇಲಿಯ ಹಿಂದೆ ಹಾವು. ಹೆಗ್ಗದ್ದೆ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರು ಲೈನ್ ಮನೆಗಳ ಕೂಲಿಯವರಿಗೆ ಅಕ್ಕಿ ಮಾಡಿಸಲು ಭತ್ತ ತರುತ್ತಿದ್ದರು. ಮೂಟೆಯ ಸಂದಿಯಿಂದ ಹಾವು ಹೊರಟಿದ್ದನ್ನು ನೋಡಿ ಅವರೇ ಹೇಳಿದರು, "ನಮ್ಮ ಕಾಫಿ ಕಣದಲ್ಲಿ ಹೆಬ್ಬಾತು ಬಿಟ್ಟಿದ್ದೀವಿ. ಹಾವು ಬಂದ್ರೂ ಕೂಗ್ತವೆ, ಕಳ್ಳ ಬಂದ್ರೂ ಕೂಗ್ತವೆ. ಒಂದು ಜೊತೆ ತಂದು ಬುಡ್ತೀನಿ ಮಾರಾಯ, ಇಟ್ಕೊಳ್ಳಿ." ಮುಂದಿನ ಸಲ ಭತ್ತದ ಜೀಪಿನಲ್ಲಿ ಬಿದಿರು ಬುಟ್ಟಿಯೊಳಗೆ ಎರಡು ಉದ್ದ ಕುತ್ತಿಗೆಗಳು ಬಂದಿಳಿದವು. ಒಂದು ಗಂಡು, ಒಂದು ಹೆಣ್ಣು.

ನಮ್ಮದು ಲಿಂಗ ಕಟ್ಟಿದ ಮನೆ. ತಲೆತಲಾಂತರದಿಂದ ಕೋಳಿ ಕೂಡ ಅಂಗಳ ಹತ್ತಿದ್ದಿಲ್ಲ. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕೇಳಿದಳು, "ಏನ್ ಕಣ್ರಮ್ಮ, ಇನ್ಮೇಲೆ ಸ್ವಾಮಿಗಳು ಮನೆಗೆ ಬಂದ್ರೆ ಮೊಟ್ಟೆ ಬೇಯ್ಸಿ ಹಾಕ್ತೀರಾ?" ನಾನು, "ಮೊದ್ಲು ಇವಕ್ಕೂ ಲಿಂಗ ಕಟ್ಟಿಸ್ತೀವಿ ಬುಡಿ, ಆಮೇಲೆ ಮಡಿಯಾಗೇ ಮೊಟ್ಟೆ ಇಡ್ತವೆ," ಎಂದೆ. ಅಕ್ಕ ಒಳಗೆ ನಕ್ಕಿದ್ದು ಕೇಳಿಸಿತು. ಅವರ ನಗು ನಾನು ಕೇಳಿದ್ದು ಅದೇ ಮೊದಲು.

ಸಾಕುವುದು ಹೇಗೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ರೈಟರನ್ನು ಕೇಳಿದರೆ ಅವರು ಜೀಪು ಹತ್ತುತ್ತಾ, "ಇವು ಕೋಳಿ ಹಂಗಲ್ಲ ಅಕ್ಕೋರೆ. ಹುಲ್ಲು ಮೇಯ್ತವೆ. ಹಸು ಅಂದ್ಕೊಳ್ಳಿ," ಎಂದು ಹೊರಟುಬಿಟ್ಟರು. ಹಸು ಸಾಕುವುದಾದರೆ ನಮಗೆ ಗೊತ್ತು. ಹಾಗಾಗಿ ಬಾತುಗಳು ನಮ್ಮ ಮನೆಯಲ್ಲಿ ಸಣ್ಣ ಹಸುಗಳಾಗಿಯೇ ಬೆಳೆದವು. ಕೊಟ್ಟಿಗೆಯ ಮೂಲೆಯಲ್ಲಿ ಅವಕ್ಕೆ ಜಾಗವಾಯಿತು. ಮುರುಕು ಕಲ್ಲಿನ ಬಾನಿ ನೀರಿಗಾಯಿತು. ದೀಪಾವಳಿಯಲ್ಲಿ ಹಸುವಿಗೆ ಚೆಂಡುಹೂವಿನ ಹಾರ ಹಾಕುವಾಗ ಗಂಡು ಬಾತಿಗೂ ಒಂದು ಚಿಕ್ಕ ಹಾರ, ನೆತ್ತಿಗೆ ಚಿಟಿಕೆ ವಿಭೂತಿ.

ಮೊದಮೊದಲು ಮೇವು ಹಾಕುವ ಕೆಲಸವನ್ನೂ ಅಕ್ಕ ನನಗೇ ಒಪ್ಪಿಸಿದ್ದರು. ಆದರೆ ಆ ಗಂಡು ಬಾತಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಮೂರನೇ ದಿನ ನನ್ನ ಮೀನಖಂಡವನ್ನು ಕೊಕ್ಕಿನಲ್ಲಿ ಹಿಡಿದು ತಿರುಚಿತು. ನಾನು ಮೊರ ಅಲ್ಲೇ ಬಿಸಾಡಿ ಓಡಿಬಂದು, "ಅದು ಸತ್ರೂ ನಾನು ಹೋಗಲ್ಲ, ನೀವೇ ಏನಾದ್ರೂ ಮಾಡ್ಕೊಳ್ಳಿ," ಎಂದು ಬಾಗಿಲು ಹಾಕಿಕೊಂಡೆ. ಬೇರೆ ದಾರಿಯಿಲ್ಲದೆ ಅಕ್ಕ ಹೋದರು. ಮೊದಲ ದಿನ ದೂರದಿಂದ ಎರಚಿದರು. ವಾರದೊಳಗೆ ಅದು ಅವರ ಅಂಗೈಯಿಂದ ತಿನ್ನುತ್ತಿತ್ತು. ತಮ್ಮ ಕೈಯಿಂದ ತಿಂದದ್ದು ರಾತ್ರಿ ಸತ್ತಿರಬಹುದೆಂದು ಅವರು ಬೆಳಗ್ಗೆ ಎದ್ದ ಕೂಡಲೇ ಕೊಟ್ಟಿಗೆಗೆ ಹೋಗಿ ನೋಡುತ್ತಿದ್ದರು. ಅದು ಸಾಯಲಿಲ್ಲ. ದಪ್ಪವಾಯಿತು.

ಮಿಲ್ಲಿನಲ್ಲಿ ಅಕ್ಕಿಯಾದ ಮೇಲೆ ಉಳಿಯುವುದೇ ಅವುಗಳ ಹೊಟ್ಟೆಗೆ. ಮೊದಲ ಸುತ್ತಿನಲ್ಲಿ ಬೀಳುವುದು ಹೊಟ್ಟು ಬೆರೆತ ಒರಟು ತೌಡು. ಎರಡನೇ ಸುತ್ತಿನದು ನಯ, ಕೈಗೆ ಎಣ್ಣೆ ಹತ್ತಿದಂತಿರುತ್ತದೆ, ಬಿಸಿಯಾಗಿರುತ್ತದೆ, ಹುರಿದ ಹಿಟ್ಟಿನ ವಾಸನೆ. ಅಕ್ಕ ಆ ನಯವಾದ ತೌಡನ್ನು ಮಿಷನ್ನಿನ ಬಾಯಿಗೇ ಮೊರ ಹಿಡಿದು ತರುತ್ತಿದ್ದರು. ಅದಕ್ಕೆ ಬೇಯಿಸಿದ ನುಚ್ಚು, ಗಂಜಿ, ಹಲಸಿನ ಕಾಲದಲ್ಲಿ ತೊಳೆಯ ಸುತ್ತಲಿನ ನಾರು. ಬೆರೆಸುವ ಮುಂಚೆ ತೌಡನ್ನು ಮೂಗಿಗೆ ಹಿಡಿಯುತ್ತಿದ್ದರು, ನಾಲಿಗೆಯ ತುದಿಗೆ ಇಟ್ಟು ನೋಡುತ್ತಿದ್ದರು. ಎರಡು ದಿನ ಕೂತ ತೌಡು ಕಹಿಯಾಗುತ್ತದೆ. ಕಹಿಯಾದದ್ದನ್ನು ಅವರು ಗೊಬ್ಬರದ ಗುಂಡಿಗೆ ಸುರಿದುಬಿಡುತ್ತಿದ್ದರು.

ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಹೊಸದು ಏನೇ ಬರಲಿ, ಹೊಸ ಅಕ್ಕಿ, ಹೊಸ ಬೆಲ್ಲ, ಎಲ್ಲಿಂದಲೋ ತಂದ ಮೇವು, ಮೊದಲ ತುತ್ತು ಹಸುವಿಗೆ. ಹಸು ಮೂಸಿ ತಿಂದರೆ ಮಿಕ್ಕವರೂ ತಿನ್ನಬಹುದು. ಒಂದು ವರ್ಷ ರೈಟರು ಎಸ್ಟೇಟಿನ ಪಲ್ಪರಿನಿಂದ ಬಿದ್ದ ಕಾಫಿ ಹಣ್ಣಿನ ಸಿಪ್ಪೆಯನ್ನು ಒಂದು ಮೂಟೆ ತಂದು, "ರಾಶಿ ರಾಶಿ ಕೊಳೀತಾ ಬಿದ್ದೈತೆ, ನಿಮ್ಮ ಬಾತು ತಿಂತಾವೇನೋ ನೋಡಿ," ಎಂದರು. ಅಕ್ಕ ಅದನ್ನೂ ಮೊದಲು ಹಸುವಿನ ಮುಂದಿಟ್ಟರು. ಹಸು ಮೂಸಿ, ಉಸಿರು ಬಿಟ್ಟು, ಮುಖ ತಿರುಗಿಸಿತು. ಸಿಪ್ಪೆ ಗುಂಡಿಗೆ ಹೋಯಿತು. ಮುಂದೆ ರೈಟರು ಬಂದಾಗ, "ಕೊಡದೆ ಇದ್ದಿದ್ದು ಒಳ್ಳೇದಾಯ್ತು ಬುಡಿ, ನಮ್ಮಲ್ಲಿ ಲೈನಿನವರ ಕೋಳಿ ತಿಂದು ಸತ್ವು," ಎಂದರು. ಅಲ್ಲಿಗೆ ಹಸುವಿನ ಮಾತು ನಮ್ಮ ಮನೆಯಲ್ಲಿ ಕೊನೆಯ ಮಾತಾಯಿತು. ನಾನೂ ನಂಬಿದೆ.

ಮೊಟ್ಟೆ ತಿನ್ನುವವರು ಮನೆಯಲ್ಲಿಲ್ಲವಾದ್ದರಿಂದ ಹೆಣ್ಣು ಬಾತು ನೆಮ್ಮದಿಯಾಗಿ ಕಾವು ಕೂತಿತು. ಮೊದಲ ವರ್ಷ ನಾಲ್ಕು ಮರಿ. ಬೆಳೆದ ಮೇಲೆ ಅವನ್ನು ಎರಡು ಎಸ್ಟೇಟಿನವರು ಕಾವಲಿಗೆ ಒಯ್ದರು. ಮರುವರ್ಷ ಏಳು ಮರಿ. ಅಕ್ಕ ಮಿಲ್ಲಿನ ಅಂಗಳದಲ್ಲಿ ನಡೆದರೆ ಹಿಂದೆ ಒಂಬತ್ತು ಕುತ್ತಿಗೆಗಳ ಮೆರವಣಿಗೆ. ಭತ್ತ ತಂದವರು ಗಾಡಿ ನಿಲ್ಲಿಸಿ ನೋಡುತ್ತಿದ್ದರು. "ಅಮ್ಮಾರ ಕೈಗುಣ ಚೆನ್ನಾಗೈತೆ, ಹಳದಿ ಮರಿ ಒಂದೂ ಸಾಯ್ಲಿಲ್ಲವಲ್ಲ," ಎಂದು ಒಬ್ಬ ಮುದುಕ ಹೇಳಿದ. ಅಕ್ಕ ಒಳಗೆ ಬಂದರು. ನೀರು ಕುಡಿದು, ಲೋಟವನ್ನು ಕೈಯಲ್ಲೇ ಹಿಡಿದು ಬಹಳ ಹೊತ್ತು ನಿಂತಿದ್ದರು.

ಅದೇ ವಾರ ಒಂದು ಮಧ್ಯಾಹ್ನ. ಯಜಮಾನರು ಊಟಕ್ಕೆ ಕೂತಿದ್ದರು, ನಾನು ಸೌಟಿಗೆ ಕೈ ಚಾಚಿದೆ. ಅಕ್ಕ ಕೊಡಲಿಲ್ಲ. ತಾವೇ ಬಗ್ಗಿ ಮುದ್ದೆ ಇಟ್ಟರು, ಗುಳಿ ಮಾಡಿ ಸಾರು ಬಿಟ್ಟರು, "ತುಪ್ಪ ಹಾಕ್ಲಾ?" ಎಂದರು. ಯಜಮಾನರು ತಲೆ ಎತ್ತದೆ, "ಹಾಕಿ ಅತ್ತಿಗೆ," ಎಂದು ಎಂದಿಗಿಂತ ಒಂದು ಮುದ್ದೆ ಹೆಚ್ಚು ಉಂಡರು. ಕೈ ತೊಳೆಯಲು ಎದ್ದು ಹಿತ್ತಲ ಬಾಗಿಲು ದಾಟಿ, ತೊಳೆದು, ಮತ್ತೆ ಒಳಗೆ ಬರುವವರೆಗೆ ಅಕ್ಕ ಗೋಡೆ ಹಿಡಿದು ನೋಡುತ್ತಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಯಾರಿಗೂ ಕಾಣದಿರಲಿ ಎಂದು ಅಂಗಳಕ್ಕೆ ಹೋಗಿ ಸುಮ್ಮನೆ ಗಂಡು ಬಾತನ್ನು ಬೈದೆ.

ಆ ಮುಂಗಾರಿನಲ್ಲಿ ಅಕ್ಕನ ತಮ್ಮ ಬಂದರು. ಅವರದು ಕುಂದೂರು ಕಡೆಯ ಒಂದು ಹಳ್ಳಿ. ಭಾವ ಹೋದಾಗಿನಿಂದ ಅಕ್ಕನನ್ನು ಮನೆಗೆ ಕರೆಯುತ್ತಲೇ ಇದ್ದರು. "ಇವನ್ನ ಯಾರು ನೋಡ್ಕೋತಾರೆ ಮಾರಾಯ," ಎಂದು ಈಚೆಗೆ ಬಾತುಗಳನ್ನು ತೋರಿಸಿ ಅಕ್ಕ ತಪ್ಪಿಸಿಕೊಳ್ಳುತ್ತಿದ್ದರು. ಈ ಸಲ ಅವರ ಹೆಂಡತಿಗೆ ಹಾಸನದಲ್ಲಿ ಆಪರೇಷನ್ ಆಗಿತ್ತು, ಮನೆಯಲ್ಲಿ ಬೇಯಿಸಿ ಹಾಕುವವರಿರಲಿಲ್ಲ. ಒಂದು ವರ್ಷದ ಹಿಂದಾಗಿದ್ದರೆ ಅಕ್ಕ, ಕಾಯಿಲೆಯವರಿಗೆ ನನ್ನ ಕೈಯೂಟ ಬೇಡ ಎನ್ನುತ್ತಿದ್ದರು. ಈಗ, "ಹದಿನೈದು ದಿನ ಹೋಗಿ ಬರ್ತೀನಿ ಕಣೇ," ಎಂದು ಸೀರೆ ಮಡಿಸಿದರು. ಹೊರಡುವಾಗ ಮೂರು ಸಲ ಹೇಳಿದರು. "ಅವತ್ತಿನ ತೌಡು ಅವತ್ತಿಗೇ. ಮೂಸಿ ನೋಡು, ನಾಲಿಗೆಗೆ ಇಟ್ಟು ನೋಡು. ಸಂಶಯ ಬಂದ್ರೆ ಬರೀ ಹುಲ್ಲು ಮೇಯೋಕೆ ಬುಡು." ನಾನು, "ಆಯ್ತು ಹೋಗ್ರಕ್ಕ, ನಿಮ್ಮ ಮಕ್ಕಳನ್ನೇನು ಉಪವಾಸ ಕೆಡವಲ್ಲ," ಎಂದೆ.

ಅವರು ಹೋದ ಮೂರನೇ ದಿನ ಗಾಳಿಗೆ ಮರ ಬಿದ್ದು ಕರೆಂಟು ಹೋಯಿತು. ಒಂದು ವಾರ ಬರಲಿಲ್ಲ. ಮಿಲ್ಲು ನಿಂತಿತು, ಹೊಸ ತೌಡಿಲ್ಲ. ಇದ್ದ ತೌಡನ್ನು ನಾಲಿಗೆಗಿಟ್ಟೆ, ಕಹಿ. ಹೇಳಿದಂತೆಯೇ ಗುಂಡಿಗೆ ಸುರಿದೆ. ಅಲ್ಲಿಯವರೆಗೂ ನಾನು ತಪ್ಪು ಮಾಡಿರಲಿಲ್ಲ. ಅಂಗಳದಲ್ಲಿ ಹುಲ್ಲಿತ್ತು. ಆದರೆ ರೂಢಿಯಾದ ಹೊತ್ತಿಗೆ ಮರಿಗಳು ಬಾಗಿಲಿಗೆ ಬಂದು ನನ್ನ ಸೀರೆ ಎಳೆಯುತ್ತಿದ್ದವು. ಅಕ್ಕ ಬಂದಾಗ ಅವು ಸೊರಗಿರಬಾರದು, ಇನ್ನಷ್ಟು ತುಂಬಿಕೊಂಡಿರಬೇಕು ಎನ್ನುವ ಹಟ ನನಗೆ ಹತ್ತಿತು.

ಕೊಟ್ಟಿಗೆಯ ಅಟ್ಟದ ಕೆಳಗೆ ಅರ್ಧ ಚೀಲ ಕಡಲೆಕಾಯಿ ಹಿಂಡಿ ಇತ್ತು. ಬೇಸಿಗೆಯಲ್ಲಿ ಹಸು ಕರು ಹಾಕಿದಾಗ ನನ್ನ ಅಪ್ಪ ನಮ್ಮೂರ ಎಣ್ಣೆ ಮಿಲ್ಲಿನಿಂದ ತಂದು, ಬಸ್ಸಿನ ಮೇಲೆ ಹಾಕಿಸಿಕೊಂಡು, ತಾವೇ ಹೊತ್ತು ತಂದದ್ದು. ನಮ್ಮ ಕಡೆ ಹಿಂಡಿಗಿಂತ ದೊಡ್ಡ ಮೇವಿಲ್ಲ. ಚೀಲ ಬಿಚ್ಚಿದರೆ ಮಳೆಯ ತಂಪಿಗೆ ಬೂಷ್ಟು ಹಿಡಿದಿತ್ತು. ಮೇಲೆಲ್ಲ ಹಸಿರು ಪುಡಿ, ಒಡೆದರೆ ಒಳಗೂ ಅಲ್ಲಲ್ಲಿ ಹಳದಿ. ಅಪ್ಪ ಬೆನ್ನ ಮೇಲೆ ಹೊತ್ತು ತಂದದ್ದನ್ನು ಗುಂಡಿಗೆ ಹಾಕಲು ಮನಸ್ಸು ಬರಲಿಲ್ಲ. ಬೂಷ್ಟನ್ನು ಕೆರೆದೆ, ಬಿಸಿನೀರಿನಲ್ಲಿ ಎರಡು ಸಲ ತೊಳೆದೆ, ಒಲೆಯ ಮೇಲೆ ತೂಗುಬಿಟ್ಟ ಬಿದಿರು ತಟ್ಟಿಯಲ್ಲಿ ಹರಡಿ ಹೊಗೆಗೆ ಒಣಗಿಸಿದೆ. ವಾಸನೆ ಹೋಯಿತು. ಆದರೂ ಮನಸ್ಸಿನಲ್ಲಿ ಸಂಶಯ ಇದ್ದೇ ಇತ್ತು.

ಸಂಶಯಕ್ಕೆ ನಮ್ಮ ಮನೆಯಲ್ಲಿ ಔಷಧಿಯಿತ್ತಲ್ಲ. ಮೊದಲ ತುತ್ತನ್ನು ಹಸುವಿಗೆ ಕೊಟ್ಟೆ. ಅದು ಬಾನಿಯನ್ನು ನೆಕ್ಕಿ ನೆಕ್ಕಿ ತಿಂದಿತು. ಎರಡು ದಿನ ಕಾದೆ. ಹಸು ಮೆಲುಕು ಹಾಕುತ್ತಿತ್ತು, ಹಾಲು ಒಂದು ಚಟಾಕೂ ಕಡಿಮೆಯಾಗಲಿಲ್ಲ. ಮೂರನೇ ದಿನ ಹಿಂಡಿಯನ್ನು ಗಂಜಿಯಲ್ಲಿ ನೆನೆಸಿ, ಕಿವುಚಿ, ಬಾತುಗಳ ಮುಂದಿಟ್ಟೆ. ಕೊಕ್ಕು ಎತ್ತದೆ ತಿಂದವು. ನನ್ನ ಕಾಲು ಕಚ್ಚಿದ ಆ ಗಂಡು ಕೂಡ ನನ್ನ ಪಾದದ ಹತ್ತಿರವೇ ನಿಂತು ತಿಂದಿತು. ನನಗೆ ಎಂಥ ಹೆಮ್ಮೆ ಎಂದರೆ, ಕರೆಂಟು ಬಂದು ಮಿಲ್ಲು ಶುರುವಾದ ಮೇಲೂ ಹಿಂಡಿ ಬೆರೆಸುವುದನ್ನು ನಿಲ್ಲಿಸಲಿಲ್ಲ. ಏಳು ದಿನ ಹಾಕಿದೆ.

ಅಕ್ಕ ಬರುವ ಹಿಂದಿನ ದಿನ ಒಂದು ಮರಿ ನಡೆಯುವಾಗ ಓಲಾಡಿತು. ಮಳೆಯ ಥಂಡಿ ಇರಬೇಕೆಂದುಕೊಂಡೆ. ಮಾರನೆಯ ದಿನ ಮಧ್ಯಾಹ್ನದ ಬಸ್ಸಿಗೆ ಅಕ್ಕ ಇಳಿದು ಬಂದರು. ಅಂಗಳದಲ್ಲಿ ನಿಂತು ಕೊಡೆ ಮಡಿಸಿ ಕರೆದರೂ ಎಂದಿನಂತೆ ಓಡಿ ಬಂದದ್ದು ಗಂಡು ಬಾತು ಮಾತ್ರ. ಮರಿಗಳು ಕೊಟ್ಟಿಗೆಯಲ್ಲಿ ರೆಕ್ಕೆ ಜೋತು ಬಿಟ್ಟುಕೊಂಡು ಕೂತಿದ್ದವು. ಒಂದು ಮರಿ ಕಾಲು ಚಾಚಿ, ಕುತ್ತಿಗೆ ಹಿಂದಕ್ಕೆ ಸೆಟೆದುಕೊಂಡು ಬಿದ್ದಿತ್ತು. ಅಕ್ಕ ಚೀಲವನ್ನೂ ಕೆಳಗಿಡದೆ ಬಗ್ಗಿ ನೋಡಿದರು.

"ಏನ್ ಹಾಕ್ದೆ ಇವಕ್ಕೆ?" ಎಂದರು. ಗದರಿಸಿದ್ದಲ್ಲ, ಮೆತ್ತಗೆ ಕೇಳಿದ್ದು.

"ನೀವ್ ಹೇಳಿದ್ದೇ ಅಕ್ಕ. ತೌಡು, ನುಚ್ಚು."

"ಬೇರೆ ಏನೂ?"

"ಇಲ್ಲ. ನಿನ್ನೇವರ್ಗೂ ಚೆನ್ನಾಗೇ ಇದ್ವು."

ಯಾಕೆ ಹಾಗೆಂದೆ? ಹಸುವಿಗೇ ಏನೂ ಆಗಿಲ್ಲ, ಹಿಂಡಿಯ ತಪ್ಪಲ್ಲ, ಸುಮ್ಮನೆ ಹೇಳಿ ಅಪ್ಪನ ಹೆಸರಿಗೆ ಮಾತು ತರುವುದೇಕೆ ಎಂದುಕೊಂಡೆ. ಹೀಗೆಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಆದರೆ ಮಾರನೆಯ ಬೆಳಗ್ಗೆ ಯಾರೂ ಏಳುವ ಮುಂಚೆ ಎದ್ದು ಉಳಿದ ಹಿಂಡಿಯನ್ನು ಗೊಬ್ಬರದ ಗುಂಡಿಗೆ ಸುರಿದು ಮೇಲೆ ಸಗಣಿ ಎಳೆದವಳು ನಾನೇ. ಹಿಂಡಿಯ ತಪ್ಪಿಲ್ಲ ಎಂದು ನಿಜವಾಗಿ ನಂಬಿದ್ದರೆ ಯಾಕೆ ಮುಚ್ಚುತ್ತಿದ್ದೆ? ಅಲ್ಲೇ ಸಿಕ್ಕಿಬಿದ್ದಿದ್ದೇನೆ.

ಅಕ್ಕ ಹಗಲೆಲ್ಲ ಕೊಟ್ಟಿಗೆಯಲ್ಲಿ ಕೂತರು. ಮೆಣಸು, ಅರಿಸಿನ, ಬೆಳ್ಳುಳ್ಳಿ, ರಾಗಿ ಗಂಜಿ, ಹಸುವಿಗೆ ಹೊಟ್ಟೆ ಕೆಟ್ಟರೆ ಏನೇನು ಕೊಡುತ್ತೇವೋ ಅದನ್ನೆಲ್ಲ ಅರೆದು ಬೆರಳ ತುದಿಯಿಂದ ಒಂದೊಂದರ ಕೊಕ್ಕಿಗೂ ಬಿಟ್ಟರು. ಬಿಟ್ಟದ್ದು ಬಿಟ್ಟ ಹಾಗೆ ಒಂದೊಂದೇ ಸತ್ತವು. ಏಳು ಮರಿಗಳು ಐದು ದಿನದಲ್ಲಿ ಹೋದವು. ಆಮೇಲೆ ಹೆಣ್ಣು ಬಾತು ಮೇವು ಬಿಟ್ಟು ಅದೂ ಹೋಯಿತು. ಗಂಡು ಮಾತ್ರ ಇನ್ನೂ ಹತ್ತು ದಿನ ಕುಂಟುತ್ತಾ ಅವರ ಹಿಂದೆ ಓಡಾಡಿತು. ಒಂದು ಸಂಜೆ ಅವರ ಮಡಿಲಿಗೆ ಕುತ್ತಿಗೆ ಹಾಕಿ ಮಲಗಿ ಮತ್ತೆ ಎತ್ತಲಿಲ್ಲ. ಅಕ್ಕನ ಅಂಗೈಯಲ್ಲಿ ಆವತ್ತು ಮಾಡಿದ ಬಿಸಿ ತೌಡು ಹಾಗೇ ಇತ್ತು.

ಯಜಮಾನರು ಮಿಲ್ಲಿನ ಹಿಂದೆ ಗುಂಡಿ ತೆಗೆದರು. ಅಕ್ಕ ಗಂಡು ಬಾತಿನ ನೆತ್ತಿಗೆ ವಿಭೂತಿ ಇಟ್ಟರು. ಕೈ ತೊಳೆಯುತ್ತಾ ನನಗೆ ಹೇಳಿದರು, "ಹದಿನೈದು ದಿನ ನಿನ್ನ ಕೈಯಾಗೆ ತಿಂದು ಚೆನ್ನಾಗಿದ್ವು. ನಾನ್ ಬಂದು ಕೈ ಇಟ್ಟೆ, ಹೋದ್ವು. ಅವ್ರೂ ಹಂಗೇ ಹೋದ್ರು ಕಣೇ, ನನ್ನ ಕೈಯಾಗೆ ಉಂಡು."

ಆಗ ಹೇಳಬೇಕಿತ್ತು. ನನ್ನ ಸುಳ್ಳು ಅವರ ಕೈಗೆ ಹೋಗಿ ಅಂಟಿಕೊಂಡದ್ದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಹಿಂಡಿ ಹಾಕಿದೆ ಅಕ್ಕ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನಾನು, "ಹಂಗೆಲ್ಲ ಅನ್ಬೇಡಿ," ಎಂದೆ. ಮಧ್ಯಾಹ್ನ ಯಜಮಾನರ ತಟ್ಟೆ ಇಟ್ಟ ಮೇಲೆ ಅಕ್ಕ ಸೌಟನ್ನು ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋದರು.

ಆ ತಿಂಗಳೇ ಅವರ ತಮ್ಮ ಮತ್ತೆ ಬಂದು ಕರೆದಾಗ ಅಕ್ಕನ ಹತ್ತಿರ ತೋರಿಸಲು ಬಾತುಗಳಿರಲಿಲ್ಲ. ಹೂಂ ಎಂದುಬಿಟ್ಟರು. ಯಜಮಾನರು, "ಅತ್ತಿಗೆ, ಇದು ನಿಮ್ಮ ಮನೆ," ಎಂದು ಕಣ್ಣೀರು ಹಾಕಿದರು. "ನಿಮಗೆ ಒಳ್ಳೇದಾಗ್ಲಿ ಅಂತಾನೇ ಹೋಗ್ತಿರೋದು," ಎಂದರು ಅಕ್ಕ. ಬಾಳ್ಳುಪೇಟೆಯ ಬಸ್ ಸ್ಟಾಪಿನಲ್ಲಿ ಮುಕ್ಕಾಲು ಗಂಟೆ ಒಟ್ಟಿಗೆ ನಿಂತಿದ್ದೆವು. ಮಂಗಳೂರು ಕಡೆಯ ಲಾರಿಗಳು ಕೆಸರು ಹಾರಿಸಿಕೊಂಡು ಹೋಗುತ್ತಿದ್ದವು. ಪ್ರತಿ ಲಾರಿ ಹೋದ ಮೇಲೂ ಈಗ ಹೇಳುತ್ತೇನೆ ಎಂದುಕೊಂಡೆ. ಬಸ್ಸು ಬಂತು. ಅವರು ಮೆಟ್ಟಿಲು ಹತ್ತುವಾಗ ನನ್ನ ಬಾಯಿಂದ ಹೊರಟದ್ದು, "ಕೊಡೆ ಮರೀಬೇಡಿ ಅಕ್ಕ."

ಚಳಿಗಾಲದಲ್ಲಿ ಹಸುವಿಗೆ ಜ್ವರ ಬಂದು ಆಲೂರಿನಿಂದ ದನದ ಡಾಕ್ಟರು ಬಂದರು. ಹಿಂಡಿಯ ಸಂಗತಿಯನ್ನು ಯಾರದೋ ಮನೆಯ ವಿಷಯ ಎಂಬಂತೆ ಕೇಳಿದೆ. ಅವರು ಸಿರಿಂಜ್ ತೊಳೆಯುತ್ತಾ ಹೇಳಿದರು, "ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಬಾತಿಗೆ ವಿಷ ಕಣಮ್ಮ. ಲಿವರ್ ತಿಂದುಬಿಡುತ್ತೆ. ತೊಳೆದ್ರೂ ಹೋಗಲ್ಲ, ಒಣಗಿಸಿದ್ರೂ ಹೋಗಲ್ಲ."

"ಹಸು ತಿಂದ್ರೆ ಏನೂ ಆಗ್ಲಿಲ್ವಂತೆ ಸಾರ್."

"ದೊಡ್ಡ ಹಸು ಒಂದೆರಡು ದಿನ ತಡ್ಕೊಳ್ಳುತ್ತೆ. ಅದರ ಹೊಟ್ಟೆಯೇ ಬೇರೆ. ಹಸೂನ ನೋಡಿ ಬಾತಿಗೆ ಹಾಕಿದ್ರಾ? ಯಾರು ಆ ಪುಣ್ಯಾತ್ಮರು?"

ಪುಣ್ಯಾತ್ಮಳು ಅವರಿಗೆ ಕಾಫಿ ತರಲು ಒಳಗೆ ಹೋದಳು. ಅವತ್ತೇ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಅವರು, "ನನ್ನ ಮುಂದೆ ಹೇಳಿ ಏನು ಬಂತು? ಅತ್ತಿಗೆ ಮುಂದೆ ಹೋಗಿ ಹೇಳು," ಎಂದರು. ಹೋದೆ ಕೂಡ. ಹಬ್ಬಕ್ಕೆ ಹೋದೆ, ಸೀರೆ ಕೊಡಲು ಹೋದೆ, ಅವರ ತಮ್ಮನ ಮನೆಯ ಗೃಹಪ್ರವೇಶಕ್ಕೆ ಹೋದೆ. ಅಲ್ಲಿ ಅಕ್ಕ ಮುಂಜಾನೆಯಿಂದ ಅಡುಗೆ ಮಾಡುತ್ತಿದ್ದರು, ಪಂಕ್ತಿ ಕೂತ ಮೇಲೆ ಹಿಂದಿನ ಜಗುಲಿಗೆ ಹೋಗಿ ಕೂರುತ್ತಿದ್ದರು. ಆ ಮನೆಯ ಹಸುವನ್ನು ಕೂಡ ಮುಟ್ಟುತ್ತಿರಲಿಲ್ಲ. ಪ್ರತಿ ಸಲವೂ ಪಕ್ಕದಲ್ಲಿ ಕೂತು ಊರ ಸುದ್ದಿಯೆಲ್ಲ ಹೇಳಿ, ಅದೊಂದನ್ನು ಬಿಟ್ಟು, ಸಂಜೆಯ ಬಸ್ಸಿಗೆ ವಾಪಸ್ಸು ಬರುತ್ತಿದ್ದೆ. ಎಷ್ಟು ತಡವಾಯಿತೋ ಅಷ್ಟು ನಾಚಿಕೆ, ಎಷ್ಟು ನಾಚಿಕೆಯೋ ಅಷ್ಟು ತಡ. ಹೇಡಿತನಕ್ಕೆ ನಾನು ಇಟ್ಟುಕೊಂಡ ಹೆಸರು ಸಮಯ ಬರಲಿ ಎಂಬುದು.

ಮದುವೆಯಾಗಿ ಬಹಳ ವರ್ಷಗಳ ಮೇಲೆ, ಎರಡು ಸಾವಿರದ ಇಸವಿ ದಾಟಿದ ಮೇಲೆ, ನನಗೆ ಮಗಳು ಹುಟ್ಟಿದಳು. ಅಕ್ಕ ನೋಡಲು ಬರಲಿಲ್ಲ. ತಮ್ಮನ ಕೈಯಲ್ಲಿ ತಾವೇ ಹೊಲಿದ ಕುಲಾವಿ ಕಳಿಸಿದರು. ಐದು ತಿಂಗಳು ತುಂಬಿದ ಮೇಲೆ ನಾನೇ ಮಗುವನ್ನು ಎತ್ತಿಕೊಂಡು ಹೋದೆ. ಜಗುಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಗುವನ್ನು ಕಂಡು ಮುಖವೆಲ್ಲ ಅರಳಿತು, ಎರಡೂ ಕೈ ಮೇಲೆ ಬಂದವು. ಅಷ್ಟರಲ್ಲಿ ಏನೋ ನೆನಪಾದಂತೆ ಕೈಗಳನ್ನು ಸೆರಗಿನ ಒಳಗೆ ಎಳೆದುಕೊಂಡರು.

"ಎತ್ಕೊಳ್ಳಿ ಅಕ್ಕ," ಎಂದೆ.

"ಬ್ಯಾಡ ಕಣೇ. ಕಣ್ಣಾಗ್ ನೋಡಿದ್ರೆ ಸಾಕು ನಂಗೆ. ಎಷ್ಟು ವರ್ಷಕ್ಕೆ ಹುಟ್ಟೈತೆ, ನನ್ನ ಕೈ ಬ್ಯಾಡ."

ಇನ್ನು ತಡೆಯಲಾಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಕರೆಂಟು ಹೋದದ್ದು, ಅಪ್ಪ ತಂದ ಹಿಂಡಿ, ಬೂಷ್ಟು ಕೆರೆದು ತೊಳೆದದ್ದು, ಹಸುವಿಗೆ ಕೊಟ್ಟು ಎರಡು ದಿನ ಕಾದದ್ದು, ಏಳು ದಿನ ಬಾತುಗಳಿಗೆ ಹಾಕಿದ್ದು, ಸುಳ್ಳು ಹೇಳಿದ್ದು, ಗುಂಡಿಗೆ ಸುರಿದು ಮುಚ್ಚಿದ್ದು, ದನದ ಡಾಕ್ಟರು ಹೇಳಿದ್ದು. "ನಿಮ್ಮ ಕೈ ಅಲ್ಲ ಅಕ್ಕ, ನನ್ನ ಕೈ. ನೀವು ಬರೋ ಮುಂಚೇನೇ ಅವು ಸಾಯೋಕೆ ಶುರುವಾಗಿದ್ವು," ಎಂದೆ. ಬಿಕ್ಕುತ್ತಾ ಹೇಳಿದೆ. ಅವರು ಹುಣಸೆಹಣ್ಣಿನ ಮೊರವನ್ನು ಪಕ್ಕಕ್ಕೆ ಸರಿಸಿ ಪೂರ್ತಿ ಕೇಳಿದರು. ಬೈಯಲಿ ಎಂದು ಕಾದೆ. ಬೈದರೆ ಕಾಲು ಹಿಡಿದುಕೊಳ್ಳಬೇಕೆಂದಿದ್ದೆ.

ಅಕ್ಕ ನಕ್ಕರು. ಮಕ್ಕಳ ಮಾತು ಕೇಳಿ ನಗುತ್ತೇವಲ್ಲ, ಹಾಗೆ.

"ಮೊದ್ಲು ಹಸೂಗೆ ಕೊಟ್ಟೆ ಅಂತೀಯ."

"ಹೂಂ ಅಕ್ಕ."

"ತಿಂತಾ?"

"ತಿಂತು."

"ಅದಕ್ಕೇನಾದ್ರೂ ಆಯ್ತಾ?"

"ಇಲ್ಲ. ಆದ್ರೆ ಡಾಕ್ಟ್ರು..."

"ಹಸು ಬಾಯಿಟ್ಟಿದ್ದು ಹೆಂಗೇ ವಿಷ ಆಗುತ್ತೆ? ಕಾಫಿ ಸಿಪ್ಪೆ ಅದಕ್ಕೆ ಗೊತ್ತಾಗ್ಲಿಲ್ವಾ?" ಎಂದರು. ಆಮೇಲೆ ದನಿ ತಗ್ಗಿಸಿ, "ನಿನ್ನ ಮನಸ್ಸು ನಂಗೊತ್ತು ಕಣೇ. ನಂಗೆ ಸಮಾಧಾನ ಆಗ್ಲಿ ಅಂತ ಇಂಥ ಸುಳ್ಳನ್ನ ನಿನ್ನ ತಲೆ ಮೇಲೆ ಹೊತ್ಕೊಂಡು ಬಂದ್ಯಾ? ಬಾಣಂತಿ ಮೈಯಾಗೆ?" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅದು ನನ್ನ ಮೇಲಿನ ಪ್ರೀತಿಗೆ ಬಂದ ನೀರು.

"ಸುಳ್ಳಲ್ಲ ಅಕ್ಕ. ಬೇಕಾದ್ರೆ ಮಗಳ ಮೇಲೆ ಆಣೆ..."

"ಷ್," ಎಂದು ಗಾಬರಿಯಿಂದ ಹಿಂದಕ್ಕೆ ಸರಿದರು. "ಕೂಸಿನ ಮೇಲೆ ಆಣೆ ಇಡ್ಬ್ಯಾಡ. ಅದೂ ನನ್ನೆದುರಿಗೆ."

ನನ್ನ ತೊಡೆಯ ಮೇಲಿದ್ದ ಮಗಳು ಅಷ್ಟರಲ್ಲಿ ಮುಂದಕ್ಕೆ ಬಾಗಿ ಅಕ್ಕನ ಸೆರಗಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಹಿಡಿದು ಬಾಯಿಗೆ ಎಳೆದಳು. ಆ ಸೆರಗಿನ ಒಳಗೇ ಅಕ್ಕನ ಎರಡೂ ಕೈಗಳಿದ್ದವು, ಮಗುವಿನ ಮುಷ್ಟಿಯಿಂದ ಒಂದು ಗೇಣು ದೂರ. ಅಕ್ಕ ಅಲ್ಲಾಡದೆ ಕೂತು ಅವಳನ್ನೇ ನೋಡುತ್ತಿದ್ದರು. ಅವಳಾಗಿ ಬಿಡಲಿ ಎಂದು ಸ್ವಲ್ಪ ಹೊತ್ತು ಕಾದರು. ಅವಳು ಬಿಡಲಿಲ್ಲ.

"ನೀನೇ ಬಿಡ್ಸು," ಎಂದರು.

ನಾನು ಒಂದೊಂದೇ ಬೆರಳು ಬಿಡಿಸಿದೆ.